ಬಾಗಿಲ ಬಳಿಯ ಬೂಟು

ಆಂಬಲ್ ಊರಿನ ಆರೈಕೆಮನೆಯಲ್ಲಿ ಏಳನೇ ಕೋಣೆ.
ಕತ್ಬರ್ಟ್ ರಟರ್, ಎಂಬತ್ತಾರು,
ನಲವತ್ತು ವರ್ಷ ಲೈಫ್‌ಬೋಟಿನ ಎಂಜಿನ್ ನೋಡಿಕೊಂಡವನು.
ಮಲಗುವ ಮುನ್ನ ದಿನವೂ ಅದೇ ಕೆಲಸ:
ಹಳದಿ ಬೂಟುಗಳೊಳಗೆ ಪ್ಯಾಂಟಿನ ಕಾಲು ಇಳಿಸಿ,
ಉಳಿದದ್ದನ್ನು ಮಡಚಿ ಸುತ್ತ ಇಳಿಬಿಟ್ಟು,
ಕಾಲಿಟ್ಟು ಎಳೆದರೆ ಸಾಕು ಎಂಬಂತೆ
ಮಂಚದಿಂದೆದ್ದರೆ ಸಿಗುವ ಹಾಗೆ ಬಾಗಿಲ ಬಳಿ ನಿಲ್ಲಿಸುವುದು.

ಯಾರೋ ಒಬ್ಬ ಅಲ್ಲೇ ನಿಂತಿದ್ದು
ನೆಲದೊಳಗೆ ಕರಗಿಹೋದ ಹಾಗೆ ಕಾಣುತ್ತಿತ್ತು.

ಮೇಲ್ವಿಚಾರಕಿ ಹೇಳಿದಳು: ಎಡವಿ ಬಿದ್ದಾನು, ಕಪಾಟಿಗೆ ಹಾಕು.
ಹಾಕಿದೆ. ಬೆಳಗಾಗುವುದರಲ್ಲಿ ಬೂಟು ಮತ್ತೆ ಹೊರಗೆ.
ಹನ್ನೊಂದು ರಾತ್ರಿ ನಡೆಯಿತು ಈ ಜಗ್ಗಾಟ.
"ಈಗ ನಿನ್ನ ಯಾರು ಕರೀತಾರೆ ಅಜ್ಜಾ?" ಅಂದೆ.
"ಅದು ಕರೆಯುವವರ ಕೆಲಸ," ಅಂದ,
ಗೋಡೆ ಕಡೆ ಹೊರಳಿದ.

ನಾನು ಬೆಟಗೇರಿಯವಳು. ಹಂಚಿನ ಚರ್ಚಿನ ಭಾನುವಾರದ ಶಾಲೆಯಲ್ಲಿ
ಆರು ವರ್ಷ ಹತ್ತು ಕನ್ಯೆಯರ ಕಥೆ ಹೇಳಿದವಳು.
ಐವರು ಜಾಣೆಯರು, ಐವರು ಮೊದ್ದುಗಳು,
ಮದಲಿಂಗ ತಡಮಾಡಿದ, ಎಲ್ಲರಿಗೂ ತೂಕಡಿಕೆ.
ಎಲ್ಲರಿಗೂ, ಜಾಣೆಯರಿಗೂ, ಎಂಬುದನ್ನು ಮಾತ್ರ
ಬೇಗ ಬೇಗ ದಾಟಿಸುತ್ತಿದ್ದೆ.
ಮಕ್ಕಳ ಕೈಲಿ ಮಣ್ಣಿನ ಪಣತಿ, ತಲೆಗೆ ಕಾಗದದ ಸೆರಗು.
ಮೊದ್ದಿಯ ಪಾತ್ರ ಯಾರಿಗೂ ಬೇಡ; ಚೀಟಿ ಎತ್ತಿಸಬೇಕಿತ್ತು.

ಡಿಸೆಂಬರಿನ ಎರಡನೇ ವಾರ, ರಾತ್ರಿ ಎರಡೂ ಹತ್ತು.
ಬೆಂಕಿಯ ಗಂಟೆ ಹೊಡೆಯಿತು. ಕರೆಂಟೂ ಹೋಯಿತು.
ಕಿಸೆಯಿಂದ ಬ್ಯಾಟರಿ ತೆಗೆದು ಒತ್ತಿದೆ, ಮತ್ತೆ ಒತ್ತಿದೆ.
ಶೆಲ್ಲು ಸತ್ತು ಎಷ್ಟು ದಿನವಾಗಿತ್ತೋ.
ಪ್ರತಿ ರಾತ್ರಿ ಪಟ್ಟಿಯಲ್ಲಿ "ಪರೀಕ್ಷಿಸಲಾಗಿದೆ" ಎಂದು
ಸಹಿ ಮಾಡುತ್ತಿದ್ದವಳು ನಾನೇ.

ಕಾರಿಡಾರಿನ ಕೊನೆಯಿಂದ ಬೆಳಕೊಂದು ಬಂತು.
ಬೂಟು ಹಾಕಿ, ನಡುಕಟ್ಟು ಬಿಗಿದು,
ಗಡ್ಡವೊಂದು ಕೆದರಿ, ಕತ್ಬರ್ಟ್.
ಕೈ ಚಾಚಿದೆ. ಬ್ಯಾಟರಿ ಕೊಡಲಿಲ್ಲ.
"ಇದು ನನ್ನ ಕೈಲೇ ಇರಲಿ. ನೀನು ತೋಳು ಹಿಡಿ,
ನಿನ್ನ ತೋಳು ಅವರು ಹಿಡಿಯಲಿ."
ಒಂಬತ್ತು ಮುದುಕಿಯರು, ಇಬ್ಬರು ಮುದುಕರು,
ರಾತ್ರಿಯಂಗಿಯಲ್ಲೇ ಒಂದು ದಿಬ್ಬಣ
ಹಿಮ ಕಟ್ಟಿದ ಹಿತ್ತಲಿಗೆ. ಆಚೆ ಕಡಲಲ್ಲಿ
ಕೋಕೆಟ್ ದ್ವೀಪದ ದೀಪ ಮತ್ತೆ ಮತ್ತೆ ಮಿನುಗಿ
ನಮ್ಮನ್ನು ಎಣಿಸುತ್ತಿತ್ತು.

ಎಣ್ಣೆ ಕಡ ಕೊಡುವಂಥದಲ್ಲ, ಒಪ್ಪಿದೆ.
ಮಕ್ಕಳಿಗೂ ಹಾಗೇ ಹೇಳಿದ್ದೆ.
ಆದರೆ ಆ ಜಾಣೆಯರಲ್ಲಿ ಒಬ್ಬಳಾದರೂ
ಸೆರಗು ಹಿಡಿದು ಬಾ ಎನ್ನಲಿಲ್ಲವೇ?
ಗೊತ್ತಿಲ್ಲ. ಕೇಳಬೇಕು, ಕೇಳುವ ಹೊತ್ತು ಬಂದಾಗ.

ಬೆಂಕಿಯಲ್ಲ. ಅಡುಗೆಮನೆಯ ಹಳೆಯ ತಂತಿ.
"ಸುಳ್ಳು ಕರೆ, ಪಾಪ ನಿನಗೆ," ಅಂದೆ.
"ಅರ್ಧಕ್ಕರ್ಧ ಸುಳ್ಳೇ," ಅಂದ, "ಅದಕ್ಕೂ ಹೋಗಬೇಕು.
ಯಾವುದು ಯಾವುದೆಂದು ದಡದಲ್ಲಿ ತಿಳಿಯೋದಿಲ್ಲ."
ಬೂಟಿನ ಹಿಮ ಒರೆಸಿ, ಪ್ಯಾಂಟು ಮಡಚಿ,
ಮತ್ತೆ ಅಲ್ಲೇ ನಿಲ್ಲಿಸಿದ.

ಪಾಳಿ ಮುಗಿಸಿ ಶೆಲ್ಲು ಕೊಂಡೆ, ಎರಡು ಜೊತೆ.
ಬಸ್ ಸ್ಟಾಪಿನಲ್ಲಿ ಕೂತು, ಇನ್ನೇನು ಸತ್ತಿದೆಯೋ ಎಂದು
ಒಳಗಿನ ಕಿಸೆ ತಡವಿದೆ.
ಅವ್ವನ ನಾಲ್ಕು ಬಳೆಗಾಗಿ ಮಾತು ಬಿಟ್ಟ
ತಂಗಿ ಕೃಪಾವತಿ. ಒಂಬತ್ತು ವರ್ಷ.
ಪ್ರತಿ ಕ್ರಿಸ್‌ಮಸ್ಸಿಗೆ "ಕ್ಷಮಿಸಲಾಗಿದೆ" ಎಂದು
ಪ್ರಾರ್ಥನೆಯಲ್ಲಿ ಸಹಿ ಮಾಡುತ್ತಿದ್ದವಳೂ ನಾನೇ.

ಬೆಟಗೇರಿಯಲ್ಲಿ ಈಗ ಮಧ್ಯಾಹ್ನ ಒಂದೂವರೆ.
ಫೋನು ರಿಂಗಾಗುತ್ತಿದೆ.
ಬಸ್ಸು ಬಂತು. ಹೋಗಲಿ, ಬಿಟ್ಟೆ.