ಆರಿಂಚಿನ ತೂತು

ಬಚ್ಚಲ ಸೂರಿನಲ್ಲಿ ಮತ್ತೆ ಬೂಷ್ಟು.
ಆಷಾಢ ಕಳೆಯುವುದರೊಳಗೆ
ಕನ್ನಡಿಯ ಹಿಂದಕ್ಕೂ ಇಳಿದಿತ್ತು.
ಶಿವಮೊಗ್ಗದ ನೆಹರೂ ರಸ್ತೆಯಿಂದ ತಂದೆ:
ಡಬ್ಬಿಯಲ್ಲಿ ಫ್ಯಾನು, ನಾಲ್ಕು ಸ್ಕ್ರೂ,
ಯಾರಿಗೂ ಅರ್ಥವಾಗದ ಒಂದು ಚಿತ್ರ.

ಮೇನ್ ಇಳಿಸಿದೆ.
ಟೆಸ್ಟರ್ ಇಟ್ಟೆ, ಹತ್ತಲಿಲ್ಲ.
ಇನ್ನೊಮ್ಮೆ ಇಟ್ಟೆ,
ಹಾಕಿದ ಬೀಗ ಜಗ್ಗಿ ನೋಡುವ ಹಾಗೆ.

ಉಳಿ ಇಟ್ಟು ಬಡಿದೂ ಬಡಿದೂ
ಕೊನೆಯ ಇಟ್ಟಿಗೆ ಆಚೆ ಬಿದ್ದಾಗ
ತೂತಿನ ತುಂಬ ಗುತ್ಯಪ್ಪನವರ ಮುಖ.
ಚರಂಡಿ ನೀರಿನ ಜಗಳದಲ್ಲಿ
ಮೂರು ವರ್ಷದಿಂದ ಮಾತು ಬಿಟ್ಟವರು,
ಮೂವತ್ತು ವರ್ಷ ಕಂಬ ಹತ್ತಿದ ಲೈನ್‌ಮನ್.

ಅವರ ಕಣ್ಣು ನನ್ನನ್ನು ನೋಡಲಿಲ್ಲ, ವೈರು ನೋಡಿತು.
"ಅರ್ತಿಂಗ್ ಎಲ್ಲಿ?"
"ಇದಕ್ಕೆ ಬೇಡವಂತೆ."
"ಬೇಡ ಅಂದವ ಬಂದು ಇಲ್ಲಿ ಸ್ನಾನ ಮಾಡ್ತಾನಾ?"
ಮುಖ ಹೋಯಿತು. ಸ್ವಲ್ಪ ಹೊತ್ತಿಗೆ
ಬರೀ ಒಂದು ಕೈ ಬಂತು,
ಮೊಣಕೈಗೆ ಇಟ್ಟಿಗೆ ಪುಡಿ ಮೆತ್ತಿಕೊಂಡು,
ಹಸಿರು ತಂತಿಯ ಸುರುಳಿ ಹಿಡಿದು.

"ಸ್ವಿಚ್ಚು ಬಾಗಿಲಾಚೆ ಇಡು.
ಕರಿದು ನ್ಯೂಟ್ರಲ್.
ಬಿಗಿ. ಇನ್ನೂ ಬಿಗಿ.
ಎಳೆದು ನೋಡು, ಬರಬಾರದು."
ಎಳೆದೆ. ಬರಲಿಲ್ಲ.

ಫ್ಯಾನು ಕೂತಿತು, ಕಿಂಡಿ ಮುಚ್ಚಿತು.
ಆಮೇಲೆ ಕಾಂಪೌಂಡಿನ ಹತ್ತಿರ ಸಿಕ್ಕರೂ
ಇಬ್ಬರದೂ ಹಳೇ ಮೌನವೇ.

ಈಗ ಬೆಳಿಗ್ಗೆ ಸ್ವಿಚ್ಚು ಒತ್ತಿದರೆ
ನಮ್ಮ ಮನೆ ಹಬೆ, ಸೀಗೆಪುಡಿ ಘಾಟು,
ನನ್ನ ಅಪಸ್ವರದ ಗುನುಗು ಸಮೇತ
ಅವರ ಹಿತ್ತಿಲಿಗೆ ಬೀಳುತ್ತದೆ.
ಹೊಸ ಜಗಳಕ್ಕೆ ಇಷ್ಟು ಸಾಕು,
ಕಾಯುತ್ತಲೇ ಇದ್ದೆ.

ನಿನ್ನೆ ಏಣಿ ಹತ್ತಿ ಇಣುಕಿದೆ:
ಹಬೆ ಹನಿಯಾಗಿ ತೊಟ್ಟಿಕ್ಕುವ ಜಾಗಕ್ಕೆ ಸರಿಯಾಗಿ
ಗುತ್ಯಪ್ಪ
ಒಂದೆಲಗದ ಕುಂಡ ಇಟ್ಟಿದ್ದಾರೆ.