ಒರಾಳ್ ತನ್ನೆ

ಒಂದನೇ ಕ್ಲಾಸಿನಲ್ಲಿ ಟೀಚರು
ಞ ಬರೆಸಿ, ಇದಕ್ಕೆ ಶಬ್ದವಿಲ್ಲ, ಮುಂದೆ ಹೋಗಿ ಅಂದಿದ್ದರು.
ನಾನು ಎದ್ದು ನಿಂತು, ಉಂಟು ಟೀಚರ್,
ನನ್ನ ಅಪ್ಪ, ಅಂದಿದ್ದೆ.

ಕುಂಞಣ್ಣ.
ಬಾಯಾರಿನ ಮುರಕಲ್ಲಿನ ಕೋರೆಯಲ್ಲಿ
ಕಲ್ಲು ಕಡಿಯುವ ಕುಂಞಣ್ಣ.

ಅದೇ ಅಕ್ಷರ ಈಗ ನನ್ನನ್ನು ಕುವೈತಿಗೆ ಬಿಡುತ್ತಿಲ್ಲ.

ಪಂಚಾಯತಿನ ಜನನಪತ್ರದಲ್ಲಿ ಅದು ಎನ್ ಎಚ್.
ಹತ್ತನೆಯ ಪುಸ್ತಕದಲ್ಲಿ ಎನ್ ಜೆ.
ಪಾಸ್‌ಪೋರ್ಟಿನಲ್ಲಿ ಎರಡು ಎನ್,
ಬಾಲಕ್ಕೆ ಒಬ್ಬ ಪೂಜಾರಿ.
ನಾನೂ ಪೂರ್ತಿ ನೆಟ್ಟಗಿಲ್ಲ,
ಜಲಜಾಕ್ಷಿಯ ತುದಿಗೆ ಒಂದು ಕಡೆ ಐ, ಒಂದು ಕಡೆ ವೈ.
ಅದು ನಡೆಯುತ್ತದೆ, ಅಂದ ಏಜೆಂಟ್ ವಲೇರಿಯನ್,
ಅಪ್ಪ ಮೂವರಾದರೆ ನಡೆಯುವುದಿಲ್ಲ.

ವಿಲೇಜ್ ಆಫೀಸಿಗೆ ಅಪ್ಪನನ್ನೇ ಕರೆದೊಯ್ದೆ.
ಕೋರೆಗೆ ರಜೆ ಹಾಕಿ, ಮದುವೆಮನೆಯ ಅಂಗಿ ಹಾಕಿ ಬಂದ.
ಕಿವಿಯ ಮಡಿಕೆಯಲ್ಲಿ ಕೆಂಪು ಹುಡಿ ಹಾಗೇ ಇತ್ತು.
ಆಫೀಸರು ಕಣ್ಣೂರಿನವರು, ಹೊಸಬರು,
ಕನ್ನಡ ಓದಲು ಬಾರದು, ನಗಲು ಬರುತ್ತದೆ.
ಮೂರು ಕಾಗದ ಮೇಜಿನ ಮೇಲೆ ಹರಡಿ
ಇದರಲ್ಲಿ ನೀವು ಯಾರು, ಎಂದು ಕೇಳಿದರು.
ಅಪ್ಪ ಒಂದೊಂದನ್ನೂ ಮೂಸುವ ಹಾಗೆ ನೋಡಿ
ಮೂವರೂ ನಾನೇ ಮಾರ್ರೆ,
ಕೂಲಿ ಮಾತ್ರ ಒಬ್ಬನದ್ದು ಸಿಕ್ಕುವುದು, ಅಂದ.

ಅವರು ಬರೆದರು ಮಲಯಾಳದಲ್ಲಿ, ಗುಂಡು ಗುಂಡಾಗಿ:
ಮೇಲೆ ಹೇಳಿದ ಮೂರು ಹೆಸರೂ ಒರಾಳ್ ತನ್ನೆ.
ಒಬ್ಬ ಆಳೇ.
ಆಳು ಅಂದರೆ ಅವರಲ್ಲಿ ಮನುಷ್ಯ, ಅಷ್ಟೆ.
ನಮ್ಮಲ್ಲಿ, ಇನ್ನೊಬ್ಬರ ಕೆಲಸಕ್ಕೆ ಹೋಗುವವ.
ಕೋರೆಯ ಧಣಿ ದಿನಾ ಸಂಜೆ ಪುಸ್ತಕದಲ್ಲಿ
ಆಳು ಆರು, ಆಳು ಎಂಟು ಎಂದು ಬರೆಯುತ್ತಿದ್ದರಲ್ಲ,
ಅಲ್ಲಿ ಅಪ್ಪನಿಗೆ ಹೆಸರೇ ಇರಲಿಲ್ಲ.
ಕಾಗುಣಿತದ ತಪ್ಪೂ ಇರಲಿಲ್ಲ.

ಕಾಸರಗೋಡಿನ ಚಿಕ್ಕಮ್ಮನ ಮನೆಯಲ್ಲಿ ರಾತ್ರಿ ಮಲಗಿ
ಬೆಳಗ್ಗೆ ಪರಶುರಾಮ್ ಹಿಡಿದು ಕಲ್ಲಿಕೋಟೆ.
ನೋರ್ಕಾ ಕಚೇರಿ, ಟೋಕನ್ ಎಪ್ಪತ್ತೊಂದು.
ಪಕ್ಕದಲ್ಲಿ ಮದುವೆಯ ಸರ್ಟಿಫಿಕೇಟು ಹಿಡಿದ ಹುಡುಗಿ,
ಗಂಡನನ್ನು ಒಟ್ಟು ಇಪ್ಪತ್ತಾರು ದಿನ ಕಂಡವಳು,
ಲ್ಯಾಮಿನೇಶನ್ ಮಾಡಿಸಿದ್ದಕ್ಕೆ ಅಳುತ್ತಿದ್ದಳು.
ಪ್ಲಾಸ್ಟಿಕ್ಕಿಗೆ ಮುದ್ರೆ ಹಿಡಿಯುವುದಿಲ್ಲವಂತೆ.
ನಾನು ನರ್ಸಲ್ಲವೇ, ಉಗುರಿನಿಂದ ಒಂದು ಮೂಲೆ ಎಬ್ಬಿಸಿ
ಸುಟ್ಟ ಗಾಯದ ಬಟ್ಟೆ ಬಿಚ್ಚುವ ಹಾಗೆ
ನಿಧಾನ, ನಿಧಾನ,
ಟೋಕನ್ ಐವತ್ತರಿಂದ ಅರವತ್ತೆಂಟರವರೆಗೆ.
ಗಂಡನ ಸಹಿಯ ಬಾಲ ಸ್ವಲ್ಪ ಹೋಯಿತು.
ಉಳಿದದ್ದು ಉಳಿಯಿತು.

ನನ್ನ ಡಿಗ್ರಿಯ ಬೆನ್ನಿಗೆ ಒಂದು ಮುದ್ರೆ,
ದಿಲ್ಲಿಯಿಂದ ಇನ್ನೊಂದು,
ಅದರ ಪಕ್ಕ ಎಂಬಸಿಯ ಅಂಟುಚೀಟಿ.
ಯುನಿವರ್ಸಿಟಿಯ ಸಹಿ ನಿಜವೆಂದು ಇವರು,
ಇವರ ಸಹಿ ನಿಜವೆಂದು ಅವರು,
ಅವರದ್ದು ನಿಜವೆಂದು ಮತ್ತೊಬ್ಬರು.
ಮಗುವಿನ ಕೈಯಲ್ಲಿ ನರ ಹುಡುಕಲು ಇವಳಿಗೆ ಬರುತ್ತದೆ
ಎಂದು ಯಾರೂ ಬರೆದಿಲ್ಲ.
ಬರೆಯಲು ಜಾಗವೂ ಇರಲಿಲ್ಲ.

ಅರಬಿಗೆ ತರ್ಜುಮೆ ಮಾಡಿದ್ದು ಉಪ್ಪಳದ ಆದಂಕುಂಞಿ,
ಇಪ್ಪತ್ತೆರಡು ವರ್ಷ ದಮ್ಮಾಮಿನಲ್ಲಿದ್ದವರು.
ಆ ಭಾಷೆಯಲ್ಲಿ ಞ ಇಲ್ಲ ಮಗಳೇ,
ನೂನ್ ಹಾಕಿ ಯಾ ಹಾಕುತ್ತೇನೆ,
ನನ್ನನ್ನೂ ಹಾಗೇ ದಾಟಿಸಿದ್ದು, ಅಂದರು.

ಅಪ್ಪ ಹಾಳೆ ಹಿಡಿದು, ನಾನೆಲ್ಲಿ? ಅಂದ.
ಬೆರಳನ್ನು ಬಲದಿಂದ ಎಡಕ್ಕೆ ಸರಿಸಿ ತೋರಿಸಿದೆ,
ಮೇಲೊಂದು ಚುಕ್ಕೆ, ಕೆಳಗೆರಡು.
ಇಷ್ಟು ಸಾಕಾ, ಅಂದ.

ವಿಲೇಜ್ ಆಫೀಸಿನ ಪತ್ರದ ಅಸಲು
ಯಾರಿಗೂ ಬೇಡವಾಯಿತು. ನಕಲು ಸಾಕಂತೆ.
ಅಪ್ಪ ಅದನ್ನು ಮಡಚಿ ರೇಶನ್ ಕಾರ್ಡಿನ ಒಳಗಿಟ್ಟ.
ಅವನಿಗೆ ಓದಲು ಬಾರದ ಲಿಪಿ.
ನಾನು ಹೊರಡುವ ಮುಂಚಿನ ರಾತ್ರಿ
ಅದನ್ನೊಮ್ಮೆ ಓದು, ಅಂದ.
ಓದಿದೆ.
ಕೊನೆಯ ಎರಡು ಶಬ್ದ, ಅಂದ,
ಇನ್ನೊಮ್ಮೆ.