ಹದಿನೇಳನೆಯ ಸರಳು

ಕೆಮ್ಮಣ್ಣಿನ ಬಯಲಿನಲ್ಲಿ, ಉಬ್ಬರದ ಹೊತ್ತಿಗೆ
ಹೊಳೆ ಹಿಂದಕ್ಕೆ ಹರಿಯುವಲ್ಲಿ,
ಇಪ್ಪತ್ತನಾಲ್ಕು ಸ್ಟೀಲಿನ ಸರಳು ನೆಟ್ಟೆವು
ಎರಡೆರಡು ಮೀಟರಿಗೊಂದು.
ಸುತ್ತಿಗೆ ಹಿಡಿದವರು ಸಂಜೀವ ಕುಂದರ್,
ದೋಣಿ ಇಳಿಸದ ದಿನ ನಮ್ಮ ಜೊತೆ ಬರುವವರು.
ಬರೆದುಕೊಳ್ಳುವವಳು ನಾನು.
ಬ್ಯಾಟರಿಯ ಕರೆಂಟು ಮಣ್ಣಿಗಿಳಿದು
ಕೊಟ್ಟ ಲೆಕ್ಕ ಇಷ್ಟು:
ಮೂರು. ನಾಲ್ಕು. ಮೂರೂವರೆ. ಮೂರು.
ಉಪ್ಪು ಯಾರನ್ನೂ ತಡೆಯುವುದಿಲ್ಲ.

ಹದಿನೇಳರ ಸುತ್ತ ಮಾತ್ರ ಅರವತ್ತೊಂದು.

ಸರಳು ಸಡಿಲ, ಎಂದೆ.
ಸಂಜೀವಣ್ಣ ಅಲ್ಲಾಡಿಸಿ ನೋಡಿದರು. ಗಟ್ಟಿ ಉಂಟು, ಎಂದರು.
ಬಿಸಿಲು ನೆತ್ತಿಗೇರಿತ್ತು.
ನಮ್ಮ ಒಂದೇ ಕೊಡೆ ಮೀಟರಿನ ಮೇಲಿತ್ತು.

ರಾತ್ರಿ ಬ್ರಹ್ಮಾವರದ ಕೋಣೆಯಲ್ಲಿ
ಇನ್ನೊಂದು ನೋಟ್‌ಬುಕ್ ತೆರೆದೆ, ಪರದೆಯ ಮೇಲಿನದು.
ಅದರಲ್ಲೂ ಗದ್ದೆಗಳೇ, ಹುಣಿ ಹಾಕಿದ ಕೋಶಗಳು.
ಮೇಲಿನದು ತುಂಬಿದ ಮೇಲೆ ಕೆಳಗಿನದಕ್ಕೆ ಬಿಡಬೇಕು.
ನಡುವಿನಿಂದ ಓಡಿಸಿದರೆ ಒಂದು ಕಡೆ ಒಣಗುತ್ತದೆ,
ಇನ್ನೊಂದು ಕಡೆ ಕೊಳೆಯುತ್ತದೆ.
ನಾಲ್ಕನೆಯ ಕೋಶದಲ್ಲಿ ಒಂದು ಸಾಲು ಬರೆದೆ:
ಹದಿನೇಳನ್ನು ಬಿಡು.
ಕಾರಣ ಬರೆಯಲಿಲ್ಲ.
ಚಿತ್ರ ಚೆಂದ ಬಂತು. ಈ ಹುಣಿಯಿಂದ ಆ ಹುಣಿಯವರೆಗೆ
ನೀಲಿ, ಬರೀ ನೀಲಿ.

ಆಮೇಲೆ ಎಲ್ಲವನ್ನೂ ಕೊಟ್ಟೆ, ಕೇಳಿದವರಿಗೂ ಕೇಳದವರಿಗೂ.
ಕೊಡುವುದೆಂದರೆ ಬಸಳೆ ಕೊಟ್ಟ ಹಾಗೆ ತಾನೆ:
ಬಳ್ಳಿಯ ತುಂಡು ಕೈಗಿಟ್ಟರೆ ಸಾಲದು,
ಎಷ್ಟು ಗೆಣ್ಣು ಮಣ್ಣೊಳಗೆ ಹೋಗಬೇಕು,
ಬೂದಿ ಯಾವಾಗ, ನೆರಳು ಎಷ್ಟು ದಿನ,
ಅದನ್ನೂ ಹೇಳಿ ಕಳಿಸಬೇಕು.
ಯಾವ ಮೀಟರು, ಯಾವ ತಾರೀಕು, ತಂತ್ರಾಂಶದ ಯಾವ ಆವೃತ್ತಿ,
ಎಲ್ಲ ಹೇಳಿದ್ದೆ.

ಖುಲ್ನಾದಲ್ಲಿ ತಹಮಿನಾ ಎಂಬಾಕೆ, ಅವಳ ಭತ್ತಕ್ಕೂ ಇದೇ ಉಪ್ಪು,
ಮೇಲಿನಿಂದ ಕೆಳಗೆ ಒಂದೊಂದೇ ಕೋಶ ಓಡಿಸಿದಳಂತೆ.
ನನ್ನ ನೀಲಿ ಅವಳಿಗೂ ಬಂತು, ತಪ್ಪದೆ.
ಆಮೇಲೆ ಕೇಳಿದಳು: ಹದಿನೇಳು ಎಲ್ಲಿ?

ಗದರಿಕೆ ಇರಲಿಲ್ಲ. ಪಂಕ್ತಿಯಲ್ಲಿ ಒಂದು ಎಲೆಗೆ
ಅನ್ನ ಬೀಳದೆ ಹೋದರೆ
ಎದುರು ಕೂತವರು ಕೇಳುತ್ತಾರಲ್ಲ, ಅಷ್ಟೆ.
ನನಗೆ ಮಾತ್ರ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಸಾಲು ಅಳಿಸಿ ಮತ್ತೆ ಓಡಿಸಿದೆ.
ನೀಲಿಯ ನಡುವೆ ಕೆಂಪು, ಕುಂಕುಮದ ಭರಣಿ ಮಗುಚಿದಷ್ಟು.

ಗದ್ದೆಯ ಪ್ರಿಸ್ಕಾ ಬಾಯಿಗೆ ಚಿತ್ರ ತೋರಿಸಿದೆ.
ಅವರು ಚಿತ್ರ ನೋಡಲಿಲ್ಲ. ತೆಂಗಿನ ಬುಡದಿಂದ
ಹೆಜ್ಜೆ ಎಣಿಸುತ್ತಾ ಹೋಗಿ ನಿಂತರು.
ಥಂಯ್ ಬಾಂಯ್ ಆಸ್‌ಲ್ಲಿ, ಎಂದರು. ಇಲ್ಲೊಂದು ಬಾವಿ ಇತ್ತು.
ಕರು ಬಿದ್ದ ವರ್ಷ ಮಾವ ಮುಚ್ಚಿಸಿದ್ದು.
ಮೊದಲೇ ಹೇಳಬಾರದಿತ್ತೇ ಬಾಯಮ್ಮ?
ನೀವು ಮಣ್ಣಿನ ಹತ್ತಿರ ಕೇಳ್ತಾ ಇದ್ರಿ,
ನಾನು ಯಾಕೆ ನಡುವೆ ಬಾಯಿ ಹಾಕುವುದು?

ಕೆಂಪು ಅಂದರೆ ಸಿಹಿನೀರೋ
ಮಾವ ತುಂಬಿಸಿದ ಮುರಕಲ್ಲೋ ಗೊತ್ತಿಲ್ಲ ಇನ್ನೂ.
ಕೊರೆದು ನೋಡಬೇಕು.
ಗೊತ್ತಿಲ್ಲ ಎಂದೇ ಬರೆದೆ, ನಾಲ್ಕನೆಯ ಕೋಶದ ಮೇಲೆ.
ಬಾವಿ ಇತ್ತು, ಹೇಳಿದವರು ಪ್ರಿಸ್ಕಾ ಬಾಯಿ.
ಬಿಟ್ಟವಳು ನಾನು, ಹುಡುಕಿದವಳು ತಹಮಿನಾ.

ಸಂಜೀವಣ್ಣ ಹೆಗಲ ಮೇಲಿಂದ ಬಗ್ಗಿ ನೋಡಿ
ಗಟ್ಟಿ ಉಂಟು ಅಂತ ನಾನು ಅವತ್ತೇ ಹೇಳಿದ್ದು,
ಅದನ್ನೂ ಹಾಕಿ, ಎಂದರು.

ಹಾಕಿದೆ.